ಹೊಯ್ಗೆಯಲ್ಲೂ ಗಿಡ ಬರುತ್ತದೆ ಮಾರಾಯ್ರೇ

ಮಾನ್ಯ ಸಂಪಾದಕರೇ,

ಮೀನಿನ ತೊಟ್ಟಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ತಳಕ್ಕೆ ಹೊಯ್ಗೆ, ಅಂದರೆ ಮರಳು, ಹಾಕಿದರೆ ಗಿಡ ಬದುಕುವುದಿಲ್ಲ, ದುಬಾರಿ ಮಣ್ಣೇ ಬೇಕು ಎಂಬ ಹಾಗೆ ಅದರಲ್ಲಿತ್ತು. ಅದು ಸರಿಯಲ್ಲ. ಉಡುಪಿಯ ನಮ್ಮ ಮನೆ ಚಾವಡಿಯಲ್ಲಿ ಎರಡಡಿ ಟ್ಯಾಂಕ್ ಇದೆ, ತಳದಲ್ಲಿ ಬರೀ ಹೊಯ್ಗೆ, ಅದರ ಮೇಲೆ ಮೀನು ಕಾಣದಷ್ಟು ಹಸಿರು. ಆದರೆ ಅಲ್ಲಿಗೆ ಮುಟ್ಟುವ ಮೊದಲು ನಾನು ಮಾಡದ ತಪ್ಪಿಲ್ಲ.

ಮೊದಲ ಸಲ ಮಲ್ಪೆಯ ಕಡಲ ತೀರದಿಂದ ಒಂದು ಚೀಲ ಹೊಯ್ಗೆ ಹೊತ್ತು ತಂದೆ. ಹಾಗೆ ತರುವುದೇ ತಪ್ಪು, ಅದು ಬೇರೆ ಮಾತು. ಹತ್ತು ಸಲ ತೊಳೆದೆ. ಉಪ್ಪು ಹೋಯಿತು, ಚಿಪ್ಪಿನ ಚೂರು ಹೋಗಲಿಲ್ಲ. ಚಿಪ್ಪು ಅಂದರೆ ಸುಣ್ಣವೇ ಅಲ್ವಾ? ನಮ್ಮ ಕಡೆ ಬಾವಿ ನೀರು ಮೆದು, ಸ್ವಲ್ಪ ಹುಳಿ, ಅದರಲ್ಲಿ ಚಿಪ್ಪು ನಿಧಾನಕ್ಕೆ ಕರಗಿ ನೀರು ಗಡಸಾಗುತ್ತದೆ. ಒಂದು ಚಮಚ ಒಣ ಹೊಯ್ಗೆಗೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ, ಬುಸ್ ಅಂತ ಗುಳ್ಳೆ ಬಂದರೆ ಅದು ಬೇಡ.

ಈಗ ಇರುವುದು ಮನೆ ಕಟ್ಟುವಾಗ ಉಳಿದ ಹೊಳೆ ಹೊಯ್ಗೆ. ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಎರಡು ಇಂಚು ಹಾಕಿದ್ದೇನೆ. ಹೊಯ್ಗೆಯಲ್ಲಿ ಗಿಡಕ್ಕೆ ಆಹಾರ ಇಲ್ಲ, ಅದು ನಿಜ. ಅದಕ್ಕೇ ಬೇರಿನಿಂದ ತಿನ್ನುವ ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರೈನ್‌ಗಳ ಬುಡಕ್ಕೆ ಗೊಬ್ಬರದ ಮಾತ್ರೆ ಒತ್ತಬೇಕು. ಅನುಬಿಯಾಸ್, ಜಾವಾ ಫರ್ನ್‌ಗೆ ಅದೂ ಬೇಡ. ಅವುಗಳ ದಪ್ಪ ಗೆಡ್ಡೆಯನ್ನು ಹೊಯ್ಗೆಯಲ್ಲಿ ಹೂತರೆ ಕೊಳೆಯುತ್ತದೆ. ನಾನು ಮುರಕಲ್ಲಿನ ತುಂಡಿಗೆ ಕಪ್ಪು ನೂಲಿನಲ್ಲಿ ಕಟ್ಟಿಟ್ಟೆ, ಸುಮ್ನೆ ಬೆಳೆಯುತ್ತಿವೆ.

ಕ್ರಿಪ್ಟೊಕೊರೈನ್ ನೆಟ್ಟ ವಾರಕ್ಕೇ ಎಲೆಯೆಲ್ಲ ಲೋಳೆಯಾಗಿ ಕರಗಿತು. ಬಿಸಾಡಿ ಅಂದಳು ನನ್ನ ಹೆಂಡತಿ. ಉದಾಸೀನದಲ್ಲಿ ಬಿಸಾಡಲಿಲ್ಲ, ಅದೇ ಒಳ್ಳೆಯದಾಯಿತು. ನರ್ಸರಿಯಲ್ಲಿ ಇವನ್ನು ಹೆಚ್ಚಾಗಿ ನೀರಿನ ಹೊರಗೆ ಬೆಳೆಸುತ್ತಾರೆ, ಮುಳುಗಿಸಿದಾಗ ಹಳೆ ಎಲೆ ಹೋಗಿ ನೀರೊಳಗಿನ ಎಲೆ ಬರಬೇಕು. ಮೂರನೇ ವಾರ ಹೊಯ್ಗೆಯೊಳಗಿಂದ ಸೂಜಿಯಷ್ಟು ತೆಳ್ಳಗಿನ ಕಂದು ಚಿಗುರು ಎದ್ದಿತ್ತು. ಇದರದೇ ಒಂದು ಜಾತಿ, ಸ್ಪೈರಾಲಿಸ್, ನಮ್ಮ ಪಶ್ಚಿಮ ಕರಾವಳಿಯಲ್ಲೇ ತನ್ನಷ್ಟಕ್ಕೆ ಬೆಳೆಯುವಂಥದ್ದು.

ಹೊಯ್ಗೆಯ ನಿಜವಾದ ತೊಂದರೆ ಅದು ಗಟ್ಟಿ ಕೂರುವುದು. ಗಾಳಿ ಆಡದ ಕಡೆ ಕಪ್ಪಾಗುತ್ತದೆ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ನಾನು ವಾರಕ್ಕೊಮ್ಮೆ ಹಿಡಿಸೂಡಿಯ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚುತ್ತೇನೆ, ಬೇರು ತಪ್ಪಿಸಿ. ಲೈಟು ದಿನಕ್ಕೆ 6ರಿಂದ 8 ಗಂಟೆ ಸಾಕು, ಜಾಸ್ತಿ ಆದರೆ ಪಾಚಿ.

ಇನ್ನು ಅಂಗಡಿಯವರಲ್ಲಿ ಒಂದು ವಿನಂತಿ. ನನಗೆ ಒಬ್ಬರು ಲಕ್ಕಿ ಬಾಂಬೂವನ್ನು ನೀರಿನ ಗಿಡ ಅಂತಲೇ ಕೊಟ್ಟರು. ಅದರ ಬೇರು ನೀರಲ್ಲಿದ್ದರೆ ಆದೀತು, ಪೂರ್ತಿ ಮುಳುಗಿದರೆ ಹಳದಿಯಾಗಿ ಕೊಳೆಯುತ್ತದೆ, ಕೊಳೆಯಿತು ಕೂಡ. ಯಾವುದು ಮುಳುಗಿ ಬದುಕುತ್ತದೆ, ಯಾವುದು ಇಲ್ಲ ಅಂತ ಒಂದು ಚೀಟಿ ಅಂಟಿಸಿದರೆ ನಿಮಗೇನು ನಷ್ಟ? ಹಾಗೆಯೇ, ಕತ್ತರಿಸಿದ ಗಿಡವನ್ನು ಯಾರೂ ತೋಡಿಗೆ, ಕೆರೆಗೆ ಹಾಕಬೇಡಿ. ಟ್ಯಾಂಕಿಗೆಂದು ತಂದ ಕಬೊಂಬಾ ಎಂಬ ನೀರಿನ ಗಿಡ ಕೇರಳದ ತೋಡುಗಳನ್ನು ತುಂಬಿಕೊಂಡಿದೆ. ನಮ್ಮ ಮನೆಯಲ್ಲಿ ಅದೆಲ್ಲ ತೆಂಗಿನ ಬುಡಕ್ಕೆ.

– ಒಬ್ಬ ಓದುಗ, ಉಡುಪಿ