ಫೋನಿನ ಬೀಗ ಮತ್ತು ಸೆಕ್ಷನ್ 69: ರಾಜ್ಯದ 28 ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಗೂಢಲಿಪಿಯಲ್ಲಿರುವ ಮಾಹಿತಿಯನ್ನು ಬಿಡಿಸಿಕೊಡಿ ಎಂದು ಆದೇಶಿಸಲು ಸರ್ಕಾರಕ್ಕೆ ಅಧಿಕಾರ ಕೊಡುವ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 69ಕ್ಕೆ ತಿದ್ದುಪಡಿ ಕೇಳಲು ಈ ಪತ್ರ. ನಾಲ್ಕಂಕಿಯ ಪಾಸ್‌ಕೋಡ್ ಎಂದರೆ 10,000 ಸಾಧ್ಯತೆ. ಐಫೋನಿನಲ್ಲಿ ಒಂದೊಂದನ್ನು ಪರೀಕ್ಷಿಸಲು ಸುಮಾರು 80 ಮಿಲಿಸೆಕೆಂಡ್ ಬೇಕು. ಗುಣಿಸಿ ನೋಡಿ: 800 ಸೆಕೆಂಡ್, ಹದಿಮೂರು ನಿಮಿಷ ಚಿಲ್ಲರೆ. ಆರಂಕಿಯದಾದರೂ 22 ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಹೀಗಿದ್ದೂ ಫೋನ್ ಭದ್ರವಾಗಿರುವುದು ತಪ್ಪಿದಷ್ಟೂ ಹೆಚ್ಚು ಹೊತ್ತು ಕಾಯಿಸುವ, ಬೇಕೆಂದರೆ ಹತ್ತನೇ ತಪ್ಪಿಗೆ ಎಲ್ಲವನ್ನೂ ಅಳಿಸಿಹಾಕುವ ಏರ್ಪಾಡಿನಿಂದ.

2016ರ ಫೆಬ್ರವರಿಯಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೋರಿಕೆಯಂತೆ ಅಲ್ಲಿನ ನ್ಯಾಯಾಲಯವೊಂದು ಕಳಚಲು ಹೇಳಿದ್ದು ಇದನ್ನೇ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಗುಂಡಿನ ದಾಳಿ ನಡೆಸಿದವನ ಐಫೋನ್ 5ಸಿಗಾಗಿ ಆ್ಯಪಲ್ ಹೊಸ ತಂತ್ರಾಂಶ ಬರೆಯಬೇಕಿತ್ತು: ಅಳಿಸಬಾರದು, ಕಾಯಿಸಬಾರದು, ಕೋಡನ್ನು ಬೆರಳಿನಿಂದ ಒತ್ತುವ ಬದಲು ಕೇಬಲ್ ಮೂಲಕ ತುಂಬಲು ಬಿಡಬೇಕು. ‘ಈ ಒಂದೇ ಫೋನಿಗೆ’ ಎಂಬ ಮಾತೂ ಇತ್ತು. ಅದೇನೂ ಸುಳ್ಳಲ್ಲ. ಆ ಫೋನಿನ ಗುರುತು ಸಂಖ್ಯೆ ಸೇರಿಸಿ ಕಂಪನಿಯ ಡಿಜಿಟಲ್ ಸಹಿ ಹಾಕಿದರೆ ತಂತ್ರಾಂಶ ಬೇರೆ ಫೋನಿನಲ್ಲಿ ಓಡುವುದಿಲ್ಲ. ಆದರೆ ಮುಂದಿನ ಆದೇಶ ಬಂದಾಗ ಸಂಖ್ಯೆ ಬದಲಿಸಿ ಇನ್ನೊಂದು ಸಹಿ ಹಾಕಿದರೆ ಮುಗಿಯಿತು. ಮ್ಯಾನ್‌ಹಟನ್‌ನ ಸರ್ಕಾರಿ ವಕೀಲರ ಕಚೇರಿಯೊಂದರಲ್ಲೇ ಆಗ 175 ಫೋನುಗಳು ತೆರೆಯಲಾಗದೆ ಕಾಯುತ್ತಿದ್ದವು. ಸಹಿ ಹಾಕಲು ಬಳಸುವ ಗುಪ್ತ ಕೀಲಿ ಹೀಗೆ ಪದೇ ಪದೇ ಹೊರಬಂದಷ್ಟೂ ಸೋರುವ ದಾರಿಗಳು ಹೆಚ್ಚುತ್ತವೆ. ಆ್ಯಪಲ್ ಆದೇಶಕ್ಕೆ ಒಪ್ಪಲಿಲ್ಲ. ಕೊನೆಗೆ ಹೊರಗಿನವರ ನೆರವಿನಿಂದ ಫೋನ್ ತೆರೆದ ಎಫ್‌ಬಿಐ ಮಾರ್ಚ್ 28ರಂದು ಹಿಂದೆ ಸರಿಯಿತು.

ಅಲ್ಲಿ ಕನಿಷ್ಠ ನ್ಯಾಯಾಧೀಶರಿದ್ದರು, ವಾದ ಬಹಿರಂಗವಾಗಿ ನಡೆಯಿತು. ನಮ್ಮ ಐಟಿ ಕಾಯ್ದೆಯ ಸೆಕ್ಷನ್ 69ರ ಆದೇಶಕ್ಕೆ ಗೃಹ ಕಾರ್ಯದರ್ಶಿಯ ಸಹಿ ಸಾಕು, ವಿಷಯ ಗೋಪ್ಯ, ನೆರವಾಗದಿದ್ದರೆ 7 ವರ್ಷದವರೆಗೆ ಜೈಲು. ತಡೆಯೊಂದಿದೆ: ಕಂಪನಿಯೇ ಎನ್‌ಕ್ರಿಪ್ಟ್ ಮಾಡಿದ, (ಗೂಢಲಿಪಿಗೆ ತಿರುಗಿಸಿದ) ಇಲ್ಲವೇ ಅದನ್ನು ಬಿಡಿಸುವ ಕೀಲಿ ಕಂಪನಿಯ ಹತೋಟಿಯಲ್ಲಿರುವ ಮಾಹಿತಿಗಷ್ಟೇ ಆದೇಶ ಅನ್ವಯ ಎನ್ನುತ್ತದೆ ಈ ಸೆಕ್ಷನ್ನಿನಡಿ ಮಾಡಿದ 2009ರ ನಿಯಮಗಳ 13(3). ಆದರೆ ಫೋನನ್ನು ‘ಕಂಪನಿಯೇ ಎನ್‌ಕ್ರಿಪ್ಟ್ ಮಾಡಿದೆ’ ಎಂದು ವಾದಿಸುವುದು ಕಷ್ಟವೇನಲ್ಲ. ಮೇಲಾಗಿ ನಿಯಮ ತಿದ್ದಲು ಸರ್ಕಾರಕ್ಕೊಂದು ಅಧಿಸೂಚನೆ ಸಾಕು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಈ ತಿದ್ದುಪಡಿಯನ್ನು ಕರ್ನಾಟಕದವರೇ ಮಂಡಿಸಿದರೆ ಚೆನ್ನ. ಸೆಕ್ಷನ್ 69ಕ್ಕೆ ಮೂರು ಮಾತು ಸೇರಲಿ: ಆದೇಶಕ್ಕೆ ನ್ಯಾಯಾಧೀಶರ ಒಪ್ಪಿಗೆ ಬೇಕು, ಕೀಲಿ ಕಂಪನಿಯ ಬಳಿ ಇಲ್ಲದಿದ್ದರೆ ಕೇಳುವಂತಿಲ್ಲ, ಭದ್ರತೆ ಸಡಿಲಿಸುವ ತಂತ್ರಾಂಶ ಬರೆಯಲು ಅಥವಾ ಅದಕ್ಕೆ ಸಹಿ ಹಾಕಲು ಯಾರನ್ನೂ ಬಲವಂತ ಮಾಡುವಂತಿಲ್ಲ. ಖಾಸಗಿ ಸದಸ್ಯರ ಮಸೂದೆಗೆ ಒಬ್ಬರ ಹೆಸರು ಸಾಕು. ನಿಮ್ಮಲ್ಲಿ ಯಾರು ಕೊಡುತ್ತೀರಿ?

ಇತಿ,
ಮಾಹಿತಿ ಭದ್ರತಾ ಕ್ಷೇತ್ರದ ಕೆಲವರು