ಅಪ್ಪನ ಕಾಲುರಿಗೆ ಆ ಸೀಸೆ ಬೇಡ

ಅಕ್ಕ,

ನಮಸ್ಕಾರ. ನಾನು ಆರಾಮ. ಅಪ್ಪನ ಸಕ್ಕರೆ ಕಾಯಿಲೆಯ ಕಾಲುರಿಗೆ ಅಂತ ಭಾವ ತರಿಸಿಟ್ಟಿರೋ ಪೆಪ್ಟೈಡ್ ಸೀಸೆಯ ಫೋಟೋ ನೋಡಿದಾಗಿನಿಂದ ಬೇರೆ ಯೋಚನೆನೇ ಇಲ್ಲ. ಅಪ್ಪನಿಗೆ ಇನ್ನೂ ಚುಚ್ಚಿಲ್ಲ ತಾನೆ? ಚುಚ್ಚಬೇಡಿ.

ಆ ಸೀಸೆಯಲ್ಲಿರೋ ಬಿಪಿಸಿ-157 ಅನ್ನೋ ಪೆಪ್ಟೈಡ್ 15 ಅಮೈನೋ ಆಮ್ಲಗಳ ಸರಪಳಿ, ಪ್ರೋಟೀನಿನ ಸಣ್ಣ ತುಂಡಿನ ಹಾಗೆ. ಇಲಿಗಳಲ್ಲಿ ಸ್ನಾಯುರಜ್ಜು, ಕರುಳು, ನರದ ಗಾಯ ಬೇಗ ಮಾಯ್ದಿರೋದು ನಿಜ. ಮನುಷ್ಯರ ಮೇಲೆ ಆಗಿರೋದು ಬೆರಳೆಣಿಕೆಯ ಸಣ್ಣ ಪರೀಕ್ಷೆಗಳಷ್ಟೇ. ಇಲಿಗಳಲ್ಲಿ ಅದು ಹೊಸ ರಕ್ತನಾಳ ಬೆಳೆಸುತ್ತೆ. ಅಪ್ಪನ ಕಣ್ಣಿಗೆ ಲೇಸರ್ ಮಾಡಿಸಿದ್ದೇ ಅಲ್ಲಿ ಬೇಡದ ರಕ್ತನಾಳ ಬೆಳೆದಿದ್ದಕ್ಕೆ. ನನ್ನ ಭಯ ಇರೋದು ಅಲ್ಲೇ.

ಲೇಬಲ್ ಮೇಲಿನ ‘98% ಶುದ್ಧ’ ನಂಬಬೇಡಿ. ಅದು ಪೆಪ್ಟೈಡ್ ಎಷ್ಟು, ಮುರಿದ ಚೂರು ಎಷ್ಟು ಅಂತ ಹೇಳುತ್ತೆ, ಅಷ್ಟೇ. ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿಯೋ ಎಂಡೋಟಾಕ್ಸಿನ್ ಅನ್ನೋ ವಿಷ ಅದರಲ್ಲಿ ಕಾಣಲ್ಲ, ಬ್ಯಾಕ್ಟೀರಿಯಾ ತಡೆಯೋ 0.22 ಮೈಕ್ರಾನ್ ಫಿಲ್ಟರಿಗೂ ಸಿಗಲ್ಲ. ಮೈಗೆ ಹೋದರೆ ಚಳಿಜ್ವರ, ಜಾಸ್ತಿಯಾದರೆ ಬಿಪಿ ಕುಸಿತ. ಇಲ್ಲಿ ಲ್ಯಾಬಿನಲ್ಲಿ ಪುಡಿಯನ್ನ ಮೈನಸ್ 20 ಡಿಗ್ರಿಯಲ್ಲಿ ಇಡ್ತೀವಿ. ಹೊರಗೆ ತೆಗೆದ ತಕ್ಷಣ ಮುಚ್ಚಳ ಬಿಚ್ಚೋ ಹಾಗಿಲ್ಲ. ತಣ್ಣಗಿರೋ ಪುಡಿ ಗಾಳಿಯ ತೇವ ಎಳ್ಕೊಂಡು ಕೆಡುತ್ತೆ. ಅಷ್ಟು ಜತನದ ವಸ್ತು ಅದು. ಆ ಸೀಸೆ ಎಷ್ಟು ದಿನ ಬಿಸಿಲಲ್ಲಿ ಪಾರ್ಸೆಲ್ಲಾಗಿ ಬಂತೋ!

ಭಾವ ಬರೆದಿರೋ ಲೆಕ್ಕದಲ್ಲೂ ತಪ್ಪಿದೆ. 5 ಮಿಲಿಗ್ರಾಂ ಪುಡಿಗೆ 2 ಎಂಎಲ್ ನೀರು ಹಾಕಿದರೆ 250 ಮೈಕ್ರೋಗ್ರಾಂ ಅಂದ್ರೆ 0.1 ಎಂಎಲ್. ಒಂದು ಎಂಎಲ್‌ಗೆ 100 ಯೂನಿಟ್ ಗೆರೆ ಇರೋ ಯು-100 ಸಿರಿಂಜಿನಲ್ಲಿ ಅದು 10 ಯೂನಿಟ್, ಸರಿ. ಆದರೆ ಅಪ್ಪನ ಇನ್ಸುಲಿನ್ ಡಬ್ಬಿಯಲ್ಲಿರೋದು ಕೆಂಪು ಮುಚ್ಚಳದ ಯು-40 ಸಿರಿಂಜು, ಎಂಎಲ್‌ಗೆ 40 ಯೂನಿಟ್. ಅದರಲ್ಲಿ 10 ಯೂನಿಟ್ ಎಳೆದರೆ 0.25 ಎಂಎಲ್, 625 ಮೈಕ್ರೋಗ್ರಾಂ. ಎರಡೂವರೆ ಪಟ್ಟು!

ಪೆಪ್ಟೈಡುಗಳೆಲ್ಲ ಮೋಸ ಅಂತಲ್ಲ. ಸಮುದ್ರದ ಬಸವನಹುಳುವಿನ ವಿಷದಿಂದ ಹುಟ್ಟಿದ ನೋವಿನ ಔಷಧಿ ಜಿಕೊನೊಟೈಡ್‌ಗೆ ಅಮೆರಿಕದಲ್ಲಿ 2004ರಲ್ಲೇ ಒಪ್ಪಿಗೆ ಸಿಕ್ಕಿತು. ಅದನ್ನ ಪಂಪಿನಿಂದ ಬೆನ್ನುಹುರಿಯ ದ್ರವಕ್ಕೇ ಬಿಡಬೇಕು. ಎಆರ್‌ಎ-290 ಅನ್ನೋ 11 ಅಮೈನೋ ಆಮ್ಲದ ಪೆಪ್ಟೈಡನ್ನ ಸಕ್ಕರೆ ಕಾಯಿಲೆಯವರ ನರನೋವಿಗೆ ದಿನಕ್ಕೆ 4 ಮಿಲಿಗ್ರಾಂನಂತೆ 28 ದಿನ ಕೊಟ್ಟು ನೋಡಿದಾರೆ. ಆಸೆ ಹುಟ್ಟಿಸೋ ಫಲಿತಾಂಶವೇ, ಆದರೆ ಔಷಧಿಯಾಗಿ ಇನ್ನೂ ಬಂದಿಲ್ಲ.

ಈಗ ಮಾಡಬೇಕಾದ್ದು: ವಿಟಮಿನ್ ಬಿ12 ಮತ್ತು ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸು. ಮೆಟ್‌ಫಾರ್ಮಿನ್ ಅನ್ನೋ ಸಕ್ಕರೆ ಕಾಯಿಲೆ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಬಿ12 ಇಳಿದು ಇದೇ ಥರ ಉರಿ ಬರಬಹುದು. ನರನೋವಿನ ಮಾತ್ರೆ ಪ್ರೆಗಾಬಲಿನ್ ಪ್ರಮಾಣ ಕಿಡ್ನಿ ನೋಡಿ ಕೂರಿಸಬೇಕು, ತಟ್ಟನೆ ನಿಲ್ಲಿಸಬಾರದು. ಇನ್ನೊಂದು, ಇನ್ಸುಲಿನ್ ಶುರುವಾದ ಮೇಲೆ ಉರಿ ಹೆಚ್ಚಾಯ್ತಾ ಕೇಳು. ಮೂರು ತಿಂಗಳಲ್ಲಿ ಸಕ್ಕರೆಯ ಸರಾಸರಿ ತೋರಿಸೋ ಎಚ್‌ಬಿಎ1ಸಿ ಶೇಕಡಾ 2 ಅಂಶಕ್ಕಿಂತ ಜಾಸ್ತಿ ಇಳಿದರೆ ಅದರಿಂದಲೇ ನರ ಉರಿಯೋದುಂಟು. ಡಾಕ್ಟರಿಗೆ ಹಳೇ ರಿಪೋರ್ಟು, ಹೊಸದು ಎರಡೂ ತೋರಿಸು. ಬಿಸಿನೀರಲ್ಲಿ ಕಾಲಿಡೋದು ಬೇಡವೇ ಬೇಡ, ಸುಟ್ಟರೂ ಅಪ್ಪನಿಗೆ ಗೊತ್ತಾಗಲ್ಲ.

ತುಂಬಾ ಗಾಬರಿಯಾಗಬೇಡಿ, ಸರಿಯಾದ ಚಿಕಿತ್ಸೆಯಿಂದ ಉರಿ ಕಡಿಮೆಯಾಗೋ ಸಾಧ್ಯತೆ ಇದೆ, ಅಮ್ಮನಿಗೂ ಹೇಳು. ಭಾವನ ಮೇಲೆ ರೇಗಬೇಡ, ಅವರು ಅಪ್ಪನ ಸಂಕಟ ನೋಡಲಾಗದೆ ತರಿಸಿದ್ದು. ಲ್ಯಾಬಿಗೆ ಹೊತ್ತಾಯ್ತು. ಬಿ12 ರಿಪೋರ್ಟ್ ಬಂದ ತಕ್ಷಣ ಕಳಿಸು.

ನಿನ್ನ ತಮ್ಮ