ಚರಂಡಿಯ ನಕ್ಷೆಯನ್ನು ವಿದ್ಯಾರ್ಥಿಗಳಿಗೂ ಕೊಡಿ

ಮಾನ್ಯ ನಗರಾಭಿವೃದ್ಧಿ ಸಚಿವರಿಗೆ,

ನಮಸ್ಕಾರ. ನಾನು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಅದರ ಮೇಲೆ ಲೆಕ್ಕ ಹಾಕುವ ವಿದ್ಯೆ, ಪಾಠ ಮಾಡುವ ಮೇಷ್ಟ್ರು. ಪ್ರಾಜೆಕ್ಟ್ ವಿಷಯ ಆರಿಸುವ ಹೊತ್ತಿಗೆ ವಿದ್ಯಾರ್ಥಿಗಳು ಒಳ್ಳೊಳ್ಳೆ ಪ್ರಶ್ನೆ ಹಿಡಿದು ಬರುತ್ತಾರೆ. ಜೋರು ಮಳೆ ಬಂದರೆ ಯಾವ ಬೀದಿ ಮೊದಲು ಮುಳುಗುತ್ತದೆ? ಯಾವ ಬಡಾವಣೆಯವರಿಗೆ ಆಸ್ಪತ್ರೆ ದೂರ? ಸ್ವಲ್ಪ ದಿನ ಕಚೇರಿಗಳಿಗೆ ಅಲೆದ ಮೇಲೆ ಅದೇ ಹುಡುಗರು ‘ಭೂಬಳಕೆಯಲ್ಲಿ ಬದಲಾವಣೆ’ ಎಂಬ ವಿಷಯಕ್ಕೆ ಬಂದು ನಿಲ್ಲುತ್ತಾರೆ. ನಮ್ಮ ಕಪಾಟಿನ ತುಂಬ ಇದೇ ತಲೆಬರಹದ ಪ್ರಬಂಧಗಳು. ಊರಿನ ಹೆಸರು ಮಾತ್ರ ಬೇರೆ.

ಹುಡುಗರು ಸೋಮಾರಿಗಳಲ್ಲ. ಕೈಗೆ ಸಿಗುವ ದತ್ತಾಂಶ ಅಷ್ಟೇ. ಅಮೆರಿಕ 2008ರಲ್ಲಿ ತನ್ನ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳನ್ನು ಉಚಿತ ಮಾಡಿತು. 1972ರಿಂದ ಈಚಿನ ಚಿತ್ರಗಳು ಅಲ್ಲಿವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹ ಹತ್ತು ಮೀಟರ್ ಚೌಕದಷ್ಟು ವಿವರ ಕಾಣುವ ಚಿತ್ರಗಳನ್ನು ಕೇಳಿದವರಿಗೆಲ್ಲ ಕೊಡುತ್ತದೆ. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶಕ್ಕೂ ದುಡ್ಡು ಬೇಡ. ಹಾಗಾಗಿ ಆಕಾಶದಿಂದ ಕಾಣುವುದರ ಬಗ್ಗೆಯೇ ಸಂಶೋಧನೆ ಜಾಸ್ತಿ. ನೆಲದಡಿಯ ಚರಂಡಿ, ವಾರ್ಡಿನ ಗಡಿ, ಆಸ್ಪತ್ರೆಯ ಹಾಸಿಗೆಗಳ ಲೆಕ್ಕ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಅವೆಲ್ಲ ಸರ್ಕಾರಿ ಕಚೇರಿಗಳ ಕಂಪ್ಯೂಟರುಗಳಲ್ಲಿ ಕೂತಿವೆ.

ಮಳೆನೀರಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ನೆಲದ ಏರಿಳಿತಕ್ಕೆ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವುದು 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಅಂಕಿಗಳನ್ನು. ಸುಮಾರು 30 ಮೀಟರ್ ಚೌಕಕ್ಕೆ ಒಂದು ಅಂಕಿ. ರಸ್ತೆ, ಚರಂಡಿ, ಎರಡೂ ಬದಿಯ ಮನೆ, ಎಲ್ಲ ಆ ಒಂದೇ ಚೌಕದೊಳಗೆ! ಅದೂ ಬರೀ ನೆಲದ ಎತ್ತರವಲ್ಲ, ಮಾಳಿಗೆ, ಮರಗಳೂ ಅದರಲ್ಲಿ ಸೇರಿಹೋಗಿರುತ್ತವೆ. ಕಂಪ್ಯೂಟರ್ ಅದನ್ನೇ ನಂಬಿ ಪರದೆಯ ಮೇಲೆ ನೀರನ್ನು ಇಳಿಜಾರಿಗೆ ಹರಿಸುತ್ತದೆ. ನಿಜವಾದ ನೀರು ಚರಂಡಿಗೆ ಬಿದ್ದು, ರಸ್ತೆಯಡಿ ದಾಟಿ, ಇನ್ನೆಲ್ಲೋ ಉಕ್ಕುತ್ತದೆ. ಚರಂಡಿಯ ನಕ್ಷೆ ಇಲ್ಲದೆ ಬರೆದ ಇಂಥ ಪ್ರಬಂಧಕ್ಕೆ ಅಂಕ ಸಿಗುತ್ತದೆ, ನಿಮ್ಮ ಎಂಜಿನಿಯರಿಗೆ ಮಾತ್ರ ಅದರಿಂದ ಏನೂ ಸಿಗುವುದಿಲ್ಲ.

ನಕ್ಷೆ ಕೇಳಿದರೆ ಕೊಡುವುದೇ ಇಲ್ಲ ಅಂತಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಕಚೇರಿಯಲ್ಲಿ ಸಿಕ್ಕಿತು, ಸ್ಕ್ಯಾನ್ ಮಾಡಿದ ಪಿಡಿಎಫ್. ಮಡಿಕೆ ಬಿದ್ದಲ್ಲಿ ಕೊಳವೆಯ ಅಳತೆ ಅಳಿಸಿಹೋಗಿತ್ತು. ಯಾವ ವರ್ಷದ ಸರ್ವೆ ಎಂದು ಬರೆದಿರಲಿಲ್ಲ. ಅಲ್ಲೊಂದು ಇಲ್ಲೊಂದು ರಸ್ತೆ ಕೂಡುವ ಜಾಗ ಹುಡುಕಿ ಉಪಗ್ರಹ ಚಿತ್ರಕ್ಕೆ ಹೊಂದಿಸಿ, ಒಂದೊಂದೇ ಗೆರೆಯನ್ನು ಮೌಸ್ ಹಿಡಿದು ಮತ್ತೆ ಎಳೆದಳು. ಅಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತಾ ಬಂದಿತ್ತು. ಆ ಗೆರೆಗಳನ್ನು ಮೊದಲ ಸಲ ಕಂಪ್ಯೂಟರಿನಲ್ಲೇ ಎಳೆದಿರುತ್ತಾರೆ, ಅಲ್ವಾ? ಆ ಫೈಲನ್ನೇ ಕೊಟ್ಟಿದ್ದರೆ ಆಗಿತ್ತು.

ಫೈಲಿನ ಜೊತೆ ನಿರ್ದೇಶಾಂಕ ಪದ್ಧತಿ (ಒಂದು ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಲೆಕ್ಕ) ಯಾವುದು, ಸರ್ವೆ ಯಾವಾಗ ಆಯಿತು ಎಂದು ಎರಡು ಸಾಲು ಬರೆದುಕೊಡಲಿ. ಇದು ಸುಮ್ನೆ ಮೇಷ್ಟ್ರ ಹಟವಲ್ಲ. ಜಪಾನ್ 2002ರಲ್ಲಿ ಹಳೆಯ ಪದ್ಧತಿ ಬಿಟ್ಟು ಜಾಗತಿಕ ಪದ್ಧತಿಗೆ ಬಂದಾಗ ಟೋಕಿಯೊದ ಸುತ್ತಮುತ್ತ ಜಾಗಗಳ ಲೆಕ್ಕ 400 ಮೀಟರಿಗೂ ಜಾಸ್ತಿ ಸರಿಯಿತು. ಅಷ್ಟು ಸರಿದರೆ ಈ ಬೀದಿಯ ಚರಂಡಿ ಇನ್ಯಾವುದೋ ಬೀದಿಗೆ ಹೋಗಿ ಕೂರುತ್ತದೆ.

ಭದ್ರತೆ, ಖಾಸಗಿತನದ ಮಾತು ಬರುತ್ತದೆ ಎಂದು ಗೊತ್ತು. ಮನೆ ಮಾಲೀಕರ ಹೆಸರು, ರೋಗಿಗಳ ವಿಳಾಸ ತೆಗೆದುಬಿಡಿ. ಕಂಪ್ಯೂಟರಿನ ನಕ್ಷೆಯಲ್ಲಿ ರಸ್ತೆ, ಚರಂಡಿ, ಮನೆ ಒಂದೊಂದೂ ಬೇರೆ ಬೇರೆ ಪದರವಾಗಿರುತ್ತದೆ; ನಿಜಕ್ಕೂ ಗುಟ್ಟಾಗಿರಬೇಕಾದ ಪದರ ಯಾವುದು, ಯಾಕೆ ಎಂದು ಪಟ್ಟಿ ಮಾಡಿ, ಉಳಿದದ್ದನ್ನು ಕೊಡಿ. ‘ನಕ್ಷೆ’ ಅಂದ ಕೂಡಲೇ ಎಲ್ಲಕ್ಕೂ ಒಂದೇ ಬೀಗ ಹಾಕುವುದು ಬೇಡ.

1854ರಲ್ಲಿ ಜಾನ್ ಸ್ನೋ ಎಂಬ ವೈದ್ಯ ಲಂಡನ್ನಿನ ಕಾಲರಾ ಸಾವುಗಳನ್ನು ಒಂದು ನೀರಿನ ಪಂಪಿಗೆ ಹೊಂದಿಸಿ ನೋಡಿದ ಕತೆ ನಮ್ಮ ಪಾಠದಲ್ಲಿ ಬರುತ್ತದೆ. ಅದರಲ್ಲಿ ಎಲ್ಲರೂ ಮರೆಯುವ ವಿಷಯ ಒಂದಿದೆ. ಸತ್ತವರ ಪಟ್ಟಿ ಅವನಿಗೆ ಸಿಕ್ಕಿದ್ದು ಸರ್ಕಾರದ ನೋಂದಣಿ ಕಚೇರಿಯಲ್ಲಿ. ಕೇಳಿದ, ಕೊಟ್ಟರು.

ಎಲ್ಲವನ್ನೂ ಒಮ್ಮೆಲೇ ಕೊಡಿ ಎನ್ನುತ್ತಿಲ್ಲ. ಚರಂಡಿಯ ಫೈಲಿನಿಂದ ಶುರು ಮಾಡಿ. ಅನುಮಾನ ಬಂದರೆ ಕೇಳಲು ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ. ವಿದ್ಯಾರ್ಥಿಗಳು ಬೀದಿ ಸುತ್ತಿ ಕಂಡುಹಿಡಿದ ತಪ್ಪುಗಳನ್ನು ಅದೇ ಫೈಲಿನಲ್ಲಿ ಗುರುತು ಹಾಕಿ ನಿಮ್ಮ ಇಲಾಖೆಗೆ ವಾಪಸ್ ಕಳಿಸುವ ಜವಾಬ್ದಾರಿ ನನ್ನದು. ಮುಂದಿನ ತಂಡದವರು ವಿಷಯ ಆರಿಸುವ ಮೊದಲೇ ಉತ್ತರ ಬಂದರೆ ಅನುಕೂಲ.

ಇತಿ,
ಒಬ್ಬ ಜಿಐಎಸ್ ಮೇಷ್ಟ್ರು